ಅಪ್ಪನ ಹಾರ್ಟ್ ಪಂಪ್ ವೈರಿನ ಜಾಗದಲ್ಲಿ ಮತ್ತೆ ರಸಿಗೆ. ಕಸಿ ಆಗುವವರೆಗೆ ಹೇಗೆ ತಡೆಯುವುದು?

ಸಾಗರದ_ಮಗಳು · ಸೋಮವಾರ, ಸಂಜೆ 7:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 58. ಹೃದಯ ಪೂರ್ತಿ ಸೋತಿತ್ತು. ಹದಿನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಹಾರ್ಟ್‌ಮೇಟ್ 3 ಪಂಪ್ ಹಾಕಿದರು. ಸೋತ ಹೃದಯಕ್ಕೆ ನೆರವಾಗಿ ರಕ್ತ ತಳ್ಳುವ ಪಂಪ್ ಅದು; ಅದರ ವೈರು ಹೊಟ್ಟೆಯ ಚರ್ಮದಿಂದ ಹೊರಬಂದು ಕಂಟ್ರೋಲರ್, ಬ್ಯಾಟರಿಗೆ ಸೇರುತ್ತದೆ. ಹೃದಯ ಕಸಿಗೆ ಹೆಸರು ಬರೆಸಿದ್ದೇವೆ. ಅಪ್ಪ ಓ ಪಾಸಿಟಿವ್, ಆಳೂ ಎತ್ತರ. ಹೊಂದುವ ಹೃದಯ ಇನ್ನೂ ಸಿಕ್ಕಿಲ್ಲ. ಪಂಪಿನ ಬಗ್ಗೆ ಒಂದು ದೂರೂ ಹೇಳುವ ಹಾಗಿಲ್ಲ. ಜಗುಲಿ ಮೆಟ್ಟಿಲು ಹತ್ತಲಾಗದೆ ಕೂತಿದ್ದವರು ಈಗ ತೋಟದ ತುದಿವರೆಗೆ ಹೋಗಿ ಬರುತ್ತಾರೆ.

ಎಡವಟ್ಟಾಗಿದ್ದು ಮೂರು ತಿಂಗಳ ಹಿಂದೆ. ಅಂಗಳದಲ್ಲಿ ಅಡಿಕೆ ಹರವಿದ್ದೆವು. ಬೆಂಚಿನ ಮೇಲಿಟ್ಟಿದ್ದ ಕಂಟ್ರೋಲರ್ ಚೀಲ ಜಾರಿ ಬಿತ್ತು, ಹೊಟ್ಟೆಯಿಂದ ಬರುವ ವೈರು ಜಗ್ಗಿತು. ಒಂದೆರಡು ಹನಿ ರಕ್ತ ಬಂತು ಅಷ್ಟೇ. ಎಂಟು ದಿನಕ್ಕೆ ಡ್ರೆಸ್ಸಿಂಗ್ ಒದ್ದೆ. ಎರಡು ವಾರ ಮಾತ್ರೆ ಕೊಟ್ಟರು, ಒಣಗಿತು. ಈಗ ನಾಲ್ಕು ದಿನದಿಂದ ಮತ್ತೆ ಹಳದಿ ರಸಿಗೆ, ಸ್ವಲ್ಪ ವಾಸನೆ. ಜ್ವರ ಇಲ್ಲ, ಊಟ ಸೇರುತ್ತಿದೆ.

ಕಳೆದ ಸಲ ಡಾಕ್ಟರು "ಪಂಪ್ ಇರುವವರೆಗೆ ಇದು ಪೂರ್ತಿ ಹೋಗುತ್ತದೆ ಎಂದು ಹೇಳಲಾಗದು" ಎಂದಿದ್ದರು. ನಿಜವಾ? ನಂಜಿದೆ ಎಂದು ಪಟ್ಟಿಯಿಂದ ಹೆಸರು ತೆಗೆದುಬಿಡುತ್ತಾರಾ? ಇನ್ನೊಂದು, ರೈಲಿನ ಟಿಕೆಟ್ ಗುರುವಾರ ರಾತ್ರಿಗೆ ಸಿಕ್ಕಿದೆ. ಅಲ್ಲಿವರೆಗೆ ಕಾಯಬಹುದಾ?

ಐಸಿಯು_ಅಕ್ಕ · 7:26

ಗುರುವಾರದವರೆಗೆ ಕಾಯಬೇಡಿ. ಪಂಪ್ ಹಾಕಿದ ಆಸ್ಪತ್ರೆಯ ಕೋಆರ್ಡಿನೇಟರ್ ನಂಬರ್ ಇರುತ್ತದಲ್ಲ, ಈಗಲೇ ಫೋನ್ ಮಾಡಿ, ಗಾಯದ ಫೋಟೋ ಕಳಿಸಿ. ಅವರು ಹೇಳುವ ಮೊದಲು ಮನೆಯಲ್ಲಿರುವ ಯಾವ ಆ್ಯಂಟಿಬಯಾಟಿಕ್ಕನ್ನೂ ಶುರು ಮಾಡಬೇಡಿ, ಮೊದಲು ಕಲ್ಚರ್ ಆಗಬೇಕು (ಕೀವಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಯಾವುದೆಂದು ನೋಡುವ ಪರೀಕ್ಷೆ).

ಇದನ್ನೂ ನೋಡಿ ಹೇಳಿ: ಸುತ್ತ ಕೆಂಪಾಗಿದೆಯಾ? ವೈರು ಚರ್ಮದೊಳಗೆ ಹೋಗುವ ದಾರಿಯುದ್ದಕ್ಕೂ ಮುಟ್ಟಿದರೆ ನೋವಾ, ಗಟ್ಟಿ ಗಂಟೇನಾದರೂ ಇದೆಯಾ? ಚಳಿ ಬಂದು ನಡುಗಿದ್ದು ಇದೆಯಾ? ಕೊನೆಯ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಪರೀಕ್ಷೆ) ಎಷ್ಟು?

ಸಾಗರದ_ಮಗಳು · 7:41

ಅಕ್ಕಾ, ಫೋನ್ ಮಾಡಿದೆ, ವಾಪಸ್ ಮಾಡುತ್ತೇವೆ ಎಂದಿದ್ದಾರೆ. ಎರಡು ಬೆರಳಗಲ ಕೆಂಪಾಗಿದೆ. ಒತ್ತಿದರೆ ನೋವು. ನಡುಕ ಇಲ್ಲ. ಐಎನ್‌ಆರ್ ಹೋದ ವಾರ 2.4. ಆದರೆ... ಕಳೆದ ಸಲದ ಆರು ಮಾತ್ರೆ ಉಳಿದಿದ್ದವು. ಅಮ್ಮ ಇವತ್ತು ಬೆಳಿಗ್ಗೆ ಒಂದು ಕೊಟ್ಟುಬಿಟ್ಟಿದ್ದಾರೆ.

ಮೆಡಿಕಲ್_ಶಾಪ್_ಶೆಟ್ರು · 7:55

ಅಮ್ಮನನ್ನು ಬೈಯಬೇಡಿ. ನನ್ನ ಅಂಗಡಿಗೆ ದಿನಕ್ಕೆ ಹತ್ತು ಜನ "ಹೋದ ಸಲದ್ದೇ ಕೊಡಿ ಶೆಟ್ರೇ" ಎಂದು ಬರುತ್ತಾರೆ. 2014ರಿಂದ ಶೆಡ್ಯೂಲ್ ಎಚ್1 ಎಂಬ ಔಷಧಿಗಳ ಸರ್ಕಾರಿ ಪಟ್ಟಿ ಬಂದಿದೆ. ಅದರಲ್ಲಿರುವ ಮಾತ್ರೆ ಕೊಟ್ಟರೆ ಚೀಟಿ ಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು ಎಲ್ಲಾ ರಿಜಿಸ್ಟರಿನಲ್ಲಿ ಬರೆಯಬೇಕು. ಎಷ್ಟು ಜನ ಬರೆಯುತ್ತಾರೆ ಎಂದು ಕೇಳಬೇಡಿ.

ಇವರಿಗೆ ಅದಕ್ಕಿಂತ ದೊಡ್ಡ ತೊಂದರೆ ವಾರ್ಫರಿನ್. ಪಂಪ್ ಇದ್ದವರು ರಕ್ತ ತೆಳುವಾಗಲು ಅದನ್ನು ತಗೊಳ್ಳಲೇಬೇಕು. ಸೆಪ್ಟ್ರಾನ್, ಮೆಟ್ರೊನಿಡಜೋಲ್, ಫ್ಲುಕೊನಜೋಲ್ ಎಂಬ ನಂಜಿನ ಮಾತ್ರೆಗಳ ಜೊತೆ ಸೇರಿದರೆ ಐಎನ್‌ಆರ್ ಸರ್‍ರನೆ ಏರುತ್ತದೆ, ರಕ್ತಸ್ರಾವ. ರಿಫಾಂಪಿಸಿನ್ ಸೇರಿದರೆ ಉಲ್ಟಾ, ಐಎನ್‌ಆರ್ ಕುಸಿಯುತ್ತದೆ, ಪಂಪಿನಲ್ಲಿ ಹೆಪ್ಪುಗಟ್ಟುವ ಭಯ. ಆ್ಯಂಟಿಬಯಾಟಿಕ್ ಬದಲಾದಾಗಲೆಲ್ಲ ಐಎನ್‌ಆರ್ ಬೇಗ ಬೇಗ ನೋಡಿಸಬೇಕು. ಕೊಟ್ಟ ಮಾತ್ರೆಯ ಹೆಸರು ಬರೆದಿಟ್ಟುಕೊಂಡು ಆಸ್ಪತ್ರೆಯವರಿಗೆ ಮುಚ್ಚಿಡದೆ ಹೇಳಿ.

ಅಡಿಕೆ_ಭಟ್ಟ · 8:12

ನಾನು ಡಾಕ್ಟರಲ್ಲ. ಆದರೆ ಅಪ್ಪಟ ಅರಿಶಿನ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಎಂಥ ಕೀವೂ ಎಳೆಯುತ್ತದೆ. ನನ್ನ ಕಾಲಿನ ಗಾಯ ಹಾಗೇ ವಾಸಿಯಾಗಿದ್ದು. ಬದನೆಕಾಯಿ, ಒಣಮೀನು ಬಿಡಿಸಿ, ನಂಜು ಪದಾರ್ಥ.

ಐಸಿಯು_ಅಕ್ಕ · 8:15

ಭಟ್ರೇ, ದಯವಿಟ್ಟು ಬೇಡ. ನಿಮ್ಮ ಕಾಲಿನಲ್ಲಿ ಹೃದಯಕ್ಕೆ ಹೋಗುವ ವೈರು ಇರಲಿಲ್ಲ. ಆ ತೂತಕ್ಕೆ ಎಣ್ಣೆ, ಪುಡಿ, ಮುಲಾಮು ಏನೂ ಹಾಕುವ ಹಾಗಿಲ್ಲ. ಜಾಗ ಒದ್ದೆಯಾಗಿ ಉಳಿದರೆ ಚರ್ಮ ಮೆದುವಾಗಿ ವೈರನ್ನು ಬಿಟ್ಟುಕೊಡುತ್ತದೆ. ಚರ್ಮ ವೈರಿಗೆ ಅಂಟಿಕೊಂಡು ಬೆಳೆದಿರುವುದೇ ನಮಗಿರುವ ಗೋಡೆ. ಎಣ್ಣೆ ಹಚ್ಚಿದರೆ ಮೇಲಿನ ಅಂಟುಪಟ್ಟಿಯೂ ನಿಲ್ಲುವುದಿಲ್ಲ.

ಕೆಆರ್‌ಪೇಟೆ_ಹುಡುಗ · 8:20

ಬದನೆಕಾಯಿ ಪಾಪ ಏನು ಮಾಡಿತು 😄

ಅಡಿಕೆ_ಭಟ್ಟ · 8:24

ನಗಿ ನಗಿ. ನಮ್ಮಜ್ಜಿ ಕಾಲದಲ್ಲಿ ಯಾವ ಕಲ್ಚರ್ ಇತ್ತು?

ಲ್ಯಾಬ್_ಮೇಷ್ಟ್ರು · 8:52

ಭಟ್ರೇ, ಆ ಕಾಲದಲ್ಲಿ ಹೊಟ್ಟೆಯಿಂದ ವೈರು ಹೊರಗೆ ಬಿಟ್ಟುಕೊಂಡು ಯಾರೂ ಓಡಾಡುತ್ತಿರಲಿಲ್ಲ.

ನಾನು ಮೈಕ್ರೋಬಯಾಲಜಿ ಪಾಠ ಮಾಡುವವನು. ಮೊದಲನೇ ಪ್ರಶ್ನೆಗೆ ಉತ್ತರ: ಹೌದು, ಡಾಕ್ಟರು ಹೇಳಿದ್ದು ನಿಜ. ನಿಮ್ಮ ಬಾವಿಕಟ್ಟೆ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದಲ್ಲ, ನೀರು ಸುರಿದರೆ ಹೋಗುತ್ತದಾ? ಮೇಲೆ ಮೇಲೆ ತೊಳೆದ ಹಾಗೆ ಕಾಣುತ್ತದೆ, ನಾಲ್ಕು ದಿನಕ್ಕೆ ಮತ್ತೆ ಜಾರುತ್ತದೆ. ವೈರು, ಲೋಹ ಇವುಗಳ ಮೇಲೆ ಬ್ಯಾಕ್ಟೀರಿಯಾ ಅಂಥದೇ ಲೋಳೆ ಪದರ ಕಟ್ಟಿಕೊಂಡು ಕೂರುತ್ತವೆ. ಬಯೋಫಿಲ್ಮ್ ಎನ್ನುತ್ತಾರೆ. ಔಷಧಿ ರಕ್ತದಲ್ಲಿ ಬರುತ್ತದೆ, ಆದರೆ ವೈರಿಗೆ ರಕ್ತನಾಳ ಇಲ್ಲವಲ್ಲ! ಮೇಲೆ ತೇಲುವವು ಸಾಯುತ್ತವೆ, ಒಳಗೆ ಕೂತವು ಉಳಿಯುತ್ತವೆ. ಮಾತ್ರೆ ನಿಂತ ಮೇಲೆ ರಸಿಗೆ ವಾಪಸ್ ಬರುವುದು ಇದಕ್ಕೇ. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಬೇಗ ಹಿಡಿದರೆ, ಇನ್ನೂ ಮೇಲ್ಚರ್ಮದಲ್ಲೇ ಇದ್ದರೆ, ಒಂದೇ ಕೋರ್ಸಿನಲ್ಲಿ ನಿಲ್ಲುವುದೂ ಉಂಟು.

ಕಲ್ಚರ್ ಯಾಕೆ ಮೊದಲು ಎಂದರೆ, ಇಲ್ಲಿ ಹೆಚ್ಚಾಗಿ ಸಿಗುವುದು ಸ್ಟೆಫಿಲೋಕಾಕಸ್ ಜಾತಿ ಮತ್ತು ಸೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ. ಒಂದಕ್ಕೆ ಹೊಡೆಯುವ ಎಷ್ಟೋ ಔಷಧಿ ಇನ್ನೊಂದಕ್ಕೆ ತಾಗುವುದೇ ಇಲ್ಲ. ಮೊದಲೇ ಮಾತ್ರೆ ನುಂಗಿದರೆ ಕಲ್ಚರ್ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು, ಆಮೇಲೆ ತಿಂಗಳುಗಟ್ಟಲೆ ಕತ್ತಲಲ್ಲಿ ಕಲ್ಲು ಹೊಡೆಯಬೇಕು. ಇನ್ನೊಂದು ತಪ್ಪು ನಾನೇ ನೋಡಿದ್ದು: ಡ್ರೆಸ್ಸಿಂಗಿನ ಮೇಲಿನ ರಸಿಗೆಯನ್ನೇ ಒರೆಸಿ ಕಳಿಸುವುದು. ಅದರಲ್ಲಿ ಚರ್ಮದ ಮಾಮೂಲಿ ಕೀಟಾಣುಗಳೇ ಜಾಸ್ತಿ. ಮೇಲ್ಗಡೆ ಒರೆಸಿ ಸ್ವಚ್ಛ ಮಾಡಿ, ಒಳಗಿನಿಂದ ಬರುವ ಕೀವನ್ನು ತೆಗೆಯಬೇಕು. ಜೊತೆಗೆ ರಕ್ತದ ಕಲ್ಚರ್, ಬೇರೆ ಬೇರೆ ಕಡೆ ಚುಚ್ಚಿ ಎರಡು ಮೂರು ಸಲ. ಜ್ವರ ಇಲ್ಲದಿದ್ದರೂ.

ಒಂದು ಮಾತ್ರೆ ಹೋಗಿದ್ದಕ್ಕೆ ಎಲ್ಲಾ ಕೆಟ್ಟಿತು ಎಂದೇನಲ್ಲ. ಎರಡನೆಯದು ಬೇಡ.

ಸಾಗರದ_ಮಗಳು · 9:05

ಆಸ್ಪತ್ರೆಯಿಂದ ಫೋನ್ ಬಂತು. ನಾಳೆಯೇ ಬನ್ನಿ ಎಂದರು. ಬೆಳಿಗ್ಗೆ ನಾಲ್ಕಕ್ಕೆ ಕಾರಿನಲ್ಲಿ ಹೊರಡುತ್ತೇವೆ. ಬ್ಯಾಟರಿ ಎಲ್ಲಾ ಚಾರ್ಜಿಗೆ ಹಾಕಿದ್ದೇನೆ, ಕರೆಂಟು ಹೋಗದಿದ್ದರೆ ಸಾಕು.

ಹುಬ್ಬಳ್ಳಿ_ಮಂದಿ · 9:11

ಅಲ್ರೀ, ಇಷ್ಟು ತ್ರಾಸ ಯಾಕ? ಆ ವೈರು ತೆಗೆದು ಹೊಸದು ಹಾಕಲಿಕ್ಕೆ ಬರೂದಿಲ್ಲೇನು?

ಐಸಿಯು_ಅಕ್ಕ · 9:20

ಬರುವುದಿಲ್ಲ ಸರ್. ಹಾರ್ಟ್‌ಮೇಟ್ 3ರಲ್ಲಿ ವೈರು ಎರಡು ತುಂಡು. ಹೊರಗಿನ ತುಂಡನ್ನು ಬದಲಿಸಬಹುದು. ಚರ್ಮದೊಳಗಿನದು ಪಂಪಿಗೇ ಅಂಟಿಕೊಂಡಿರುತ್ತದೆ. ಅದು ಬದಲಾಗಬೇಕೆಂದರೆ ಪಂಪೇ ಬದಲಾಗಬೇಕು.

ಹುಬ್ಬಳ್ಳಿ_ಮಂದಿ · 9:22

ಹಂಗಾರ ಪಂಪನ್ನೇ ಬದಲಿ ಮಾಡ್ರಿ!

ಎರಡನೇ_ಹೃದಯ · 9:58

ಸರ್, ಅದು ಸೈಕಲ್ ಟ್ಯೂಬ್ ಅಲ್ಲ 🙂 ನನಗೂ ಈ ಮಾತು ಬಂದಿತ್ತು. ಮತ್ತೆ ಎದೆ ತೆರೆಯಬೇಕು. ಸುತ್ತ ಕೀವಿದ್ದರೆ ಹೊಸ ಪಂಪಿಗೂ ಅದೇ ಗತಿ. ಆಪರೇಷನ್ನಿಗೆ ರಕ್ತ ಕೊಡುತ್ತಾರೆ, ಬೇರೆಯವರ ರಕ್ತ ಹೋದಷ್ಟೂ ದೇಹದಲ್ಲಿ ಪ್ರತಿಕಾಯ ಹುಟ್ಟುತ್ತವೆ, ಆಮೇಲೆ ಹೊಂದುವ ಹೃದಯ ಸಿಗುವುದು ಇನ್ನೂ ಕಷ್ಟ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಮಾಡುತ್ತಾರೆ.

ತಂಗೀ, ನನ್ನ ಕಥೆ ಹೇಳುತ್ತೇನೆ. ನಾನು ಎರಡು ವರ್ಷ ಪಂಪಿನ ಮೇಲಿದ್ದೆ. ಒಂಬತ್ತನೇ ತಿಂಗಳಿಗೆ ರಸಿಗೆ ಶುರು. ಕಲ್ಚರಿನಲ್ಲಿ ಸೂಡೊಮೋನಾಸ್. ಮಾತ್ರೆಗೆ ಬಗ್ಗಲಿಲ್ಲ. ತೋಳಿನ ರಕ್ತನಾಳದಲ್ಲಿ ಪಿಕ್ ಲೈನ್ ಎಂಬ ಉದ್ದನೆ ಕೊಳವೆ ಹಾಕಿ ಆರು ವಾರ ಇಂಜೆಕ್ಷನ್. ಅರ್ಧ ಮನೆಯಲ್ಲೇ, ಹೆಂಡತಿ ಕಲಿತುಕೊಂಡಳು. ಆಮೇಲೆ ಸ್ಕ್ಯಾನ್ ಮಾಡಿದಾಗ ವೈರಿನ ಪಕ್ಕ ಕೀವಿನ ಗೂಡು ಕಂಡಿತು. ಕೊಯ್ದು, ಕೆರೆದು, ವ್ಯಾಕ್ಯೂಮ್ ಡ್ರೆಸ್ಸಿಂಗ್ ಹಾಕಿದರು. ಸ್ಪಂಜು ಇಟ್ಟು, ಮೇಲೆ ಮುಚ್ಚಿ, ಮಷೀನಿನಿಂದ ಎಳೆಯುವುದು. ಒಂದು ಕಡೆ ಪಂಪಿನ ಚೀಲ, ಇನ್ನೊಂದು ಕಡೆ ಇದರ ಡಬ್ಬಿ. ನೆಂಟರ ಮದುವೆಗೆ ಹೋದರೆ ಮಕ್ಕಳು "ಮಾಮಾ ರೋಬೋ" ಎನ್ನುತ್ತಿದ್ದವು.

ಪಟ್ಟಿಯ ವಿಷಯ. ವೈರಿನ ಜಾಗದಲ್ಲಿ ಮಾತ್ರ ಇದ್ದಾಗ ನನ್ನ ಹೆಸರು ಹಾಗೇ ಇತ್ತು. ಒಮ್ಮೆ ನಂಜು ರಕ್ತಕ್ಕೆ ಇಳಿಯಿತು. ಆಗ ಕೆಲವು ವಾರ ತಡೆಹಿಡಿದರು. ತೆಗೆದು ಹಾಕಲಿಲ್ಲ, ತಡೆಹಿಡಿದರು. ಕಾರಣ ಸರಳ: ಕಸಿಯಾದ ಕೂಡಲೇ ದೇಹದ ಕಾವಲನ್ನು ಇಳಿಸುವ ಔಷಧಿ ಕೊಡುತ್ತಾರೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಓಡಾಡುತ್ತಿರುವಾಗ ಕಾವಲು ಇಳಿಸಿದರೆ ಹೊಸ ಹೃದಯವೂ ಉಳಿಯದು, ಆಳೂ ಉಳಿಯುವುದಿಲ್ಲ. ಮತ್ತೆ ಮತ್ತೆ ರಕ್ತ ಕಳಿಸಿ, ಕಲ್ಚರ್ ಸ್ವಚ್ಛ ಬಂದ ಮೇಲೆ ಹೆಸರು ವಾಪಸ್ ಚಾಲ್ತಿಗೆ ಬಂತು. ಕೊನೆಗೆ ಕಸಿಯಾದ ದಿನ ಪಂಪು, ವೈರು, ಸುತ್ತಲಿನ ಕೊಳೆತ ಮಾಂಸ ಎಲ್ಲಾ ಹೊರಗೆ. ಆಮೇಲೂ ಕೆಲವು ವಾರ ಆ್ಯಂಟಿಬಯಾಟಿಕ್ ಇತ್ತು. ಅಲ್ಲಿಗೆ ಮುಗಿಯಿತು. ಹದಿನೈದು ತಿಂಗಳು ಬಿಡದ ರಸಿಗೆ!

ಒಂದು ವಿಚಿತ್ರ ಹೇಳಲಾ? ಪಂಪ್ ರಕ್ತವನ್ನು ಒಂದೇ ಸಮ ಹರಿಸುತ್ತದೆ, ಅದಕ್ಕೇ ಪಂಪ್ ಇದ್ದಾಗ ನಾಡಿ ಸಿಗುತ್ತಿರಲಿಲ್ಲ. ಊರಿನ ಡಾಕ್ಟರು ಕೈ ಹಿಡಿದು ಗಾಬರಿಯಾಗಿದ್ದರು. ಕಸಿಯಾದ ಮೇಲೆ ಮೊದಲ ರಾತ್ರಿಗಳಲ್ಲಿ ದಿಂಬಿಗೆ ಕಿವಿ ಇಟ್ಟರೆ ಡಬ್ ಡಬ್ ಎಂದು ತಮಟೆ. ನಿದ್ದೆಯೇ ಬರಲಿಲ್ಲ.

ಸುಮ್ನೆ_ಓದುವವ · 10:06

ಮೂರು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತೇನೆ, ಮೊದಲ ಸಲ ಬರೆಯುತ್ತಿದ್ದೇನೆ. ತಮಟೆ ಮಾತು ಓದಿ ನನ್ನ ಕೈ ತಾನಾಗಿ ನಾಡಿ ಮೇಲೆ ಹೋಯಿತು.

ಓಹಾಯೋ_ಕನ್ನಡಿಗ · 10:40

ಇಲ್ಲಿ ನನ್ನ ಮಾವನಿಗೂ ಪಂಪ್ ಇದೆ. ಅಮೆರಿಕದ ಕ್ರಮವೇ ಬೇರೆ. 2018ರ ಅಕ್ಟೋಬರಿನಿಂದ ಹೃದಯದ ಪಟ್ಟಿಯಲ್ಲಿ ಆರು ಹಂತಗಳಿವೆ, ಒಂದು ಎಂದರೆ ಅತಿ ತುರ್ತು. ಪಂಪ್ ಹಾಕಿಸಿಕೊಂಡು ಸ್ಥಿರವಾಗಿರುವವರು ಸಾಮಾನ್ಯವಾಗಿ ನಾಲ್ಕನೇ ಹಂತ. ಪಂಪಿಗೆ ನಂಜು ತಗುಲಿದೆ ಎಂದು ಪುರಾವೆಯೊಂದಿಗೆ ತೋರಿಸಿದರೆ ಮೂರನೇ ಹಂತಕ್ಕೆ ಏರಿಸುತ್ತಾರೆ. ಅಂದರೆ ನಂಜಾದವರು ಕ್ಯೂನಲ್ಲಿ ಮುಂದೆ!

ಕೆಆರ್‌ಪೇಟೆ_ಹುಡುಗ · 10:44

ಇದು ಯಾವ ನ್ಯಾಯ? ವೈರನ್ನು ಜೋಪಾನವಾಗಿ ನೋಡಿಕೊಂಡವನು ಹಿಂದೆ, ಕೆಡಿಸಿಕೊಂಡವನು ಮುಂದೆ. ಬೇಕಂತಲೇ ಕೆಡಿಸಿಕೊಳ್ಳುವವರೂ ಹುಟ್ಟುತ್ತಾರೆ.

ಎರಡನೇ_ಹೃದಯ · 10:51

ತಮ್ಮಾ, ಸಿಟ್ಟು ಬಂತು. ಒಂದು ಸಲ ಚಳಿ ಜ್ವರದಲ್ಲಿ ಹಲ್ಲು ಕಟಕಟ ಎನ್ನುವಾಗ ಆ ಹಾಸಿಗೆಯಲ್ಲಿ ಮಲಗಿ ನೋಡು. ಬೇಕಂತ ಮಾಡಿಕೊಳ್ಳುವ ಕೆಲಸವಲ್ಲ ಅದು.

ಜೋಪಾನ ಮಾಡಿದವರಿಗೂ ಆಗುತ್ತದೆ. ನನ್ನ ಹೆಂಡತಿ ಒಂದು ದಿನ ಡ್ರೆಸ್ಸಿಂಗ್ ತಪ್ಪಿಸಿದವಳಲ್ಲ.

ಕೆಆರ್‌ಪೇಟೆ_ಹುಡುಗ · 10:55

ಸಾರಿ ಅಣ್ಣ. ಯೋಚಿಸದೆ ಬರೆದೆ.

ಲ್ಯಾಬ್_ಮೇಷ್ಟ್ರು · 11:08

ನ್ಯಾಯದ ಪ್ರಶ್ನೆ ಕೇಳಿದ್ದು ತಪ್ಪೇನಲ್ಲ. ಆದರೆ ಹಿನ್ನೆಲೆ ನೋಡಿ. 2001ರಲ್ಲಿ ಬಂದ ರೀಮ್ಯಾಚ್ ಅಧ್ಯಯನದಲ್ಲಿ ಪಂಪ್ ಹಾಕಿಸಿಕೊಂಡವರಲ್ಲಿ 52% ಜನ ಒಂದು ವರ್ಷ ದಾಟಿದರು, ಬರೀ ಔಷಧಿಯ ಮೇಲಿದ್ದವರಲ್ಲಿ 25%. ದೊಡ್ಡ ಗೆಲುವೇ. ಆದರೆ ಪಂಪ್ ಇದ್ದವರನ್ನು ಹೆಚ್ಚಾಗಿ ಕೊಂದಿದ್ದು ನಂಜು. ಆಮೇಲೆ ಪಂಪುಗಳು ತುಂಬಾ ಸುಧಾರಿಸಿದವು. ಹಾರ್ಟ್‌ಮೇಟ್ 3ರಲ್ಲಿ ಹೆಪ್ಪುಗಟ್ಟುವುದು ಹಳೆಯದಕ್ಕಿಂತ ಬಹಳ ಕಮ್ಮಿ. ನಂಜು ಮಾತ್ರ ಅಷ್ಟಾಗಿ ತಗ್ಗಲಿಲ್ಲ. ಯಾಕೆಂದರೆ ವೈರು ಹಾಗೇ ಇದೆಯಲ್ಲ.

ಹುಬ್ಬಳ್ಳಿ_ಮಂದಿ · 11:12

ಮೊಬೈಲ್ ವೈರ್ ಇಲ್ಲದ ಚಾರ್ಜ್ ಆಗತೈತಿ, ಇದ್ಯಾಕ ಆಗಬಾರ್ದು?

ಲ್ಯಾಬ್_ಮೇಷ್ಟ್ರು · 11:19

ಸರಿಯಾಗಿ ಕೇಳಿದಿರಿ. ಕಜಕಸ್ತಾನದಲ್ಲಿ ಇಬ್ಬರಿಗೆ ಹಾಗೆ ಮಾಡಿ ನೋಡಿದರು, 2019ರಲ್ಲಿ ವರದಿ ಬಂತು. ಎದೆಯ ಸುತ್ತ ಬೆಲ್ಟು, ಒಳಗೆ ಸುರುಳಿ, ಚರ್ಮದ ಮೂಲಕವೇ ಕರೆಂಟು. ಅವರಿಗೂ ಎಚ್ಚರಿಕೆಗೆಂದು ಮಾಮೂಲಿ ವೈರು ಇಟ್ಟೇ ಇದ್ದರು. ಮೊಬೈಲ್ ಚಾರ್ಜ್ ಅರ್ಧಕ್ಕೆ ನಿಂತರೆ ಬೈದುಕೊಂಡು ಸುಮ್ಮನಾಗುತ್ತೀರಿ. ಇದು ನಿಂತರೆ?

ಶಿರಸಿ_ಸೊಸೆ · ಮಂಗಳವಾರ, ಬೆಳಿಗ್ಗೆ 6:30

ನಮ್ಮ ಮಾವನವರಿಗೂ ಪಂಪ್ ಇದೆ. ಎರಡೂವರೆ ವರ್ಷ, ಇದುವರೆಗೆ ರಸಿಗೆ ಬಂದಿಲ್ಲ (ದೃಷ್ಟಿ ಬೀಳದಿರಲಿ). ಮನೆಯಲ್ಲಿ ನಾವು ಮಾಡುವುದನ್ನು ಬರೆಯುತ್ತೇನೆ.

ಡ್ರೆಸ್ಸಿಂಗ್ ಮಾಡುವಾಗ ಫ್ಯಾನ್ ಬಂದ್, ಬಾಗಿಲು ಬಂದ್. ಮಾವ, ನಾನು ಇಬ್ಬರೂ ಮಾಸ್ಕ್. ಕೈ ತೊಳೆದು ಹಳೆಯದನ್ನು ಬಿಚ್ಚಿ, ಮತ್ತೆ ತೊಳೆದು ಆಸ್ಪತ್ರೆಯ ಪ್ಯಾಕೆಟ್ಟಿನ ಗ್ಲೌಸ್ ಹಾಕಿ, ಆಮೇಲೆ ಔಷಧಿಯಿಂದ ಒರೆಸುವುದು. ಒಳಗಿನಿಂದ ಹೊರಕ್ಕೆ, ಹಿಂದಕ್ಕೆ ತರುವ ಹಾಗಿಲ್ಲ. ಪೂರ್ತಿ ಒಣಗಿದ ಮೇಲೇ ಮುಚ್ಚುವುದು. ಊದಿ ಒಣಗಿಸಬೇಡಿ! ಮೊದಲ ವಾರ ನಾನೇ ಊದಿ ಬೈಸಿಕೊಂಡಿದ್ದೆ.

ಪಂಚೆಯೇ ದೊಡ್ಡ ಶತ್ರು. ಮಾವ ಹೊಕ್ಕುಳ ಮೇಲೆ ಬಿಗಿದು ಕಟ್ಟುವವರು, ಗಂಟು ಸೀದಾ ವೈರಿನ ಮೇಲೆ. ಈಗ ಇಲಾಸ್ಟಿಕ್ ಪೈಜಾಮ, ಅದೂ ಸಡಿಲ. "ನನ್ನನ್ನು ಹುಡುಗ ಮಾಡಿದ್ದೀಯಾ" ಎಂದು ಗೊಣಗುತ್ತಾರೆ. ಚೀಲ ಯಾವಾಗಲೂ ಮೈಮೇಲೆ. ಬೆಂಚು, ಕುರ್ಚಿ, ಮಂಚದ ತುದಿ ಎಲ್ಲೂ ಇಡುವ ಹಾಗಿಲ್ಲ. ವೈರನ್ನು ಹೊಟ್ಟೆಗೆ ಅಂಟಿಸುವ ಆಂಕರ್ ಬರುತ್ತದೆ. ಚೀಲ ಬಿದ್ದರೂ ಮೊದಲ ಎಳೆತ ಅದರ ಮೇಲೆ ಬೀಳುತ್ತದೆ, ತೂತಿನ ಮೇಲಲ್ಲ. ಕೆರೆ, ಹೊಳೆ, ಬಾವಿಕಟ್ಟೆ ಸ್ನಾನ ಇಲ್ಲ. ಒರೆಸಿಕೊಳ್ಳುವುದೇ.

ಐಸಿಯು_ಅಕ್ಕ · 6:58

ಶಿರಸಿ ಮೇಡಂ, ನಿಮ್ಮನ್ನು ನಮ್ಮ ವಾರ್ಡಿಗೆ ಕಳಿಸಿಕೊಡಲಿ 🙏 ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹದ್ದಿನಲ್ಲಿಡಿ, ಬೇಳೆ, ಮೊಟ್ಟೆ ಹೊಟ್ಟೆಗೆ ಹೋಗಲಿ. ಭಟ್ರೇ, ಬದನೆಕಾಯಿ ತಿನ್ನಬಹುದು. ಸೊಪ್ಪು ಮಾತ್ರ ಒಂದು ವಾರ ರಾಶಿ, ಒಂದು ವಾರ ಇಲ್ಲವೇ ಇಲ್ಲ ಎಂದು ಮಾಡಬೇಡಿ, ವಾರ್ಫರಿನ್ ಲೆಕ್ಕ ತಪ್ಪುತ್ತದೆ.

ಅಡಿಕೆ_ಭಟ್ಟ · 7:20

ಆಯ್ತು ತಾಯಿ. ಅರಿಶಿನ ಹೊಟ್ಟೆಗಾದರೂ ಹೋಗಲಿ, ಸಾರಿನಲ್ಲಿ.

ಮೆಡಿಕಲ್_ಶಾಪ್_ಶೆಟ್ರು · 7:31

ಸಾರಿನಲ್ಲಿ ಸರಿ. ಅರಿಶಿನದ ಕ್ಯಾಪ್ಸೂಲ್ ಬೇಡ, ಅದೂ ವಾರ್ಫರಿನ್ ಜೊತೆ ಕಿತಾಪತಿ.

ಕೆಆರ್‌ಪೇಟೆ_ಹುಡುಗ · 8:02

ಬೇರೆ ವಿಷಯ. ನಮ್ಮಲ್ಲಿ ಅಂಗದಾನ ಇನ್ನೂ ಕಮ್ಮಿ ಯಾಕೆ? ಸಂಚಾರಿ ವಿಜಯ್ 2021ರಲ್ಲಿ ತೀರಿಕೊಂಡಾಗ ಮನೆಯವರು ದಾನ ಮಾಡಿದ್ದನ್ನು ಎಲ್ಲರೂ ಹೊಗಳಿದರು. ನಮ್ಮ ಮನೆಯಲ್ಲಿ ಮಾತೆತ್ತಿದರೆ "ಬಿಡ್ತು ಅನ್ನು" ಎನ್ನುತ್ತಾರೆ.

ಎರಡನೇ_ಹೃದಯ · 8:15

ನಮ್ಮ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದರೆ ಅರ್ಧ ಕೆಲಸ. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರು. ಬಿಡ್ತು ಅಂದರೂ ಸರಿ, ಊಟಕ್ಕೆ ಕೂತಾಗ ಒಮ್ಮೆ ಹೇಳಿಬಿಡು ತಮ್ಮಾ. ನನಗೆ ಹೃದಯ ಕೊಟ್ಟ ಮನೆ ಯಾವುದು ಎಂದು ನನಗೆ ಗೊತ್ತಿಲ್ಲ. ಅವರಲ್ಲಿ ಯಾರೋ ಒಬ್ಬರು ಅವತ್ತು ಹೂಂ ಅಂದಿದ್ದಾರೆ.

ಸಾಗರದ_ಮಗಳು · ಬುಧವಾರ, ರಾತ್ರಿ 9:30

ಸುದ್ದಿ ಹೇಳುತ್ತೇನೆ. ನಿನ್ನೆ ಮಧ್ಯಾಹ್ನ ಅಡ್ಮಿಟ್ ಮಾಡಿದರು. ಒಂದು ಮಾತ್ರೆ ನುಂಗಿದ್ದನ್ನು ಹೇಳಿದೆ, ಬೈಯಲಿಲ್ಲ. ಮೇಷ್ಟ್ರು ಹೇಳಿದ ಹಾಗೇ ಒಳಗಿನ ಕೀವು ತೆಗೆದು ಕಳಿಸಿದರು, ರಕ್ತವನ್ನೂ. ಅಲ್ಟ್ರಾಸೌಂಡ್, ಸಿಟಿ ಆಯಿತು. ಕೀವಿನ ಗೂಡು ಕಾಣಲಿಲ್ಲ, ಆದರೆ ವೈರಿನ ದಾರಿಯಲ್ಲಿ ಸ್ವಲ್ಪ ದೂರ ಊತ ಇದೆಯಂತೆ. ಬೇಕಾದರೆ ಮುಂದೆ ಪೆಟ್ ಸ್ಕ್ಯಾನ್ ಎಂದಿದ್ದಾರೆ. ಎಂಆರ್‌ಐ ಯಾಕೆ ಬೇಡ ಎಂದು ತಮ್ಮ ಕೇಳಿದ, ಪಂಪ್ ಇದ್ದವರಿಗೆ ಮಾಡುವ ಹಾಗೇ ಇಲ್ಲವಂತೆ. ಎಲ್ಲಾ ಸ್ಯಾಂಪಲ್ ಹೋದ ಮೇಲೆ ಇಂಜೆಕ್ಷನ್ ಶುರು ಮಾಡಿದರು.

ಅಮ್ಮ ಒಂದೇ ಸಮ ಅಳುತ್ತಿದ್ದಾರೆ, ನನ್ನಿಂದಲೇ ಆಯಿತು ಎಂದು.

ಶಿರಸಿ_ಸೊಸೆ · 9:44

ಅಮ್ಮನಿಗೆ ನಾನು ಊದಿದ ಕಥೆ ಓದಿ ಹೇಳಿ.

ಸಾಗರದ_ಮಗಳು · ಶುಕ್ರವಾರ, ಸಂಜೆ 5:15

ಕೀವಿನ ರಿಪೋರ್ಟ್ ಬಂತು. ಸ್ಟೆಫಿಲೋಕಾಕಸ್ ಆರಿಯಸ್, ಆದರೆ ಎಂಆರ್‌ಎಸ್‌ಎ (ಮಾಮೂಲಿ ಔಷಧಿಗಳಿಗೆ ಬಗ್ಗದ ತಳಿ) ಅಲ್ಲ. ಸೆಫಜೋಲಿನ್ ಎಂಬ ಇಂಜೆಕ್ಷನ್‌ಗೆ ಬಗ್ಗುತ್ತದಂತೆ, ಅದಕ್ಕೇ ಬದಲಿಸಿದ್ದಾರೆ. ರಕ್ತದಲ್ಲಿ ಇದುವರೆಗೆ ಏನೂ ಬೆಳೆದಿಲ್ಲ. ಪಟ್ಟಿಯಲ್ಲಿ ಹೆಸರು ಹಾಗೇ ಇದೆ. ಕೆಲವು ವಾರ ಇಂಜೆಕ್ಷನ್, ಆಮೇಲೆ ಕಸಿಯಾಗುವವರೆಗೂ ಮಾತ್ರೆ ಬೇಕಾಗಬಹುದು ಎಂದರು. ಐಎನ್‌ಆರ್ ದಿನಾ ನೋಡುತ್ತಿದ್ದಾರೆ.

ಲ್ಯಾಬ್_ಮೇಷ್ಟ್ರು · 5:31

ಒಳ್ಳೆಯದಾಯಿತು. ಎಂಆರ್‌ಎಸ್‌ಎ ಅಲ್ಲ ಎಂದರೆ ಕೈಯಲ್ಲಿ ಒಳ್ಳೆಯ ಔಷಧಿಗಳಿವೆ. ರಕ್ತದ ಕಲ್ಚರ್ ಐದು ದಿನ ಇಡುತ್ತಾರೆ, ಅದು ಪೂರ್ತಿ ಆಗಲಿ. ಆ ರಿಪೋರ್ಟಿನ ಫೋಟೋ ಎಲ್ಲರ ಫೋನಿನಲ್ಲೂ ಇರಲಿ. ರಾತ್ರಿ ಎರಡು ಗಂಟೆಗೆ ಹೃದಯ ಬಂದಿದೆ ಎಂದು ಕರೆ ಬಂದಾಗ ಯಾವ ಆ್ಯಂಟಿಬಯಾಟಿಕ್ ಕೊಡಬೇಕೆಂದು ಅವರಿಗೆ ಅದೇ ಬೇಕು.

ಸಾಗರದ_ಮಗಳು · 5:40

ಸರಿ ಸರ್. ಶಿರಸಿ ಅಕ್ಕಾ, ಆ ಆಂಕರ್ ಎಲ್ಲಿ ಸಿಗುತ್ತದೆ? ಆಸ್ಪತ್ರೆಯಲ್ಲಿ ನಾಲ್ಕೇ ಕೊಟ್ಟರು.

ಶಿರಸಿ_ಸೊಸೆ · 5:52

ಶಿವಮೊಗ್ಗದ ದೊಡ್ಡ ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿ. ಪಂಪಿನದು ಎಂದರೆ ಅವರಿಗೆ ತಿಳಿಯುವುದಿಲ್ಲ, ಮೂತ್ರದ ಪೈಪ್ ಅಂಟಿಸುವ ಫೋಲಿ ಆಂಕರ್ ಎನ್ನಿ. ನಾವು ಬಳಸುವುದು ಅದೇ. ಒಂದನ್ನು ತಗೊಂಡು ನಿಮ್ಮ ಸಿಸ್ಟರಿಗೆ ತೋರಿಸಿ, ಸರಿ ಎಂದರೆ ಎರಡು ಡಜನ್ ತಂದಿಡಿ. ಮಳೆಗಾಲದಲ್ಲಿ ಅಂಟು ನಿಲ್ಲುವುದಿಲ್ಲ.